ಹೋಂವರ್ಕ್ ಹಂಚಿಕೆಯ ಮೂವತ್ತು ವರ್ಷ

2008ರ ಮಾರ್ಚ್ ತಿಂಗಳಲ್ಲಿ ಕೆನಡಾದ ಟೊರಾಂಟೊ ನಗರದ ರಯರ್‌ಸನ್ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ಮೊದಲ ವರ್ಷದ ಒಬ್ಬ ವಿದ್ಯಾರ್ಥಿಯನ್ನು ವಿಚಾರಣೆಗೆ ನಿಲ್ಲಿಸಿತು. ಅವನ ಮೇಲಿದ್ದ ಆರೋಪಗಳು 147. ರಸಾಯನಶಾಸ್ತ್ರದ ಹೋಂವರ್ಕ್ ಕುರಿತು ಮಾತಾಡಿಕೊಳ್ಳಲು ಸಹಪಾಠಿಗಳು ಫೇಸ್‌ಬುಕ್‌ನಲ್ಲಿ ಕಟ್ಟಿಕೊಂಡಿದ್ದ ಗುಂಪನ್ನು ಅವನು ನೋಡಿಕೊಳ್ಳುತ್ತಿದ್ದ. ಗುಂಪಿನ 146 ಸದಸ್ಯರ ಲೆಕ್ಕದಲ್ಲಿ 146 ಆರೋಪ, ಗುಂಪು ನಡೆಸಿದ್ದಕ್ಕೆ ಮತ್ತೊಂದು. ಆ ಹೋಂವರ್ಕ್‌ಗೆ ಒಟ್ಟು ಅಂಕಗಳಲ್ಲಿ ಶೇ 10ರ ಪಾಲಿತ್ತು. ಪ್ರತಿಯೊಬ್ಬರೂ ತಾವೇ ಮಾಡಬೇಕೆಂದು ಪ್ರಾಧ್ಯಾಪಕರು ಹೇಳಿದ್ದರು. ನೆಲಮಾಳಿಗೆಯ ಓದುವ ಕೋಣೆಯಲ್ಲಿ ಹತ್ತು ಜನ ಕೂತು ಲೆಕ್ಕ ಚರ್ಚಿಸಿದರೆ ತಪ್ಪಲ್ಲ ಅಂದಮೇಲೆ ಅದೇ ಮಾತನ್ನು ಪರದೆಯ ಮೇಲೆ ಆಡಿದರೆ ಹೇಗೆ ತಪ್ಪಾಗುತ್ತದೆ ಎಂಬುದು ವಿದ್ಯಾರ್ಥಿಗಳ ವಾದ. ಕೊನೆಗೆ ಅವನನ್ನು ಹೊರಹಾಕಲಿಲ್ಲ. ಆ ಶೇ 10ಕ್ಕೆ ಸೊನ್ನೆ ಕೊಟ್ಟು, ದಾಖಲೆಯಲ್ಲಿ ಒಂದು ಷರಾ ಬರೆದು ಬಿಟ್ಟರು. ಒಬ್ಬನ ಭವಿಷ್ಯ ಉಳಿಯಿತು, ಆದರೆ ಪ್ರಶ್ನೆ ಇದ್ದಲ್ಲೇ ಉಳಿಯಿತು. ಪಾಠವನ್ನು ಹಂಚಿಕೊಳ್ಳುವುದರಲ್ಲಿ ಕಲಿಕೆ ಎಲ್ಲಿಗೆ ಮುಗಿಯುತ್ತದೆ, ಕಾಪಿ ಎಲ್ಲಿಂದ ಶುರುವಾಗುತ್ತದೆ? ಇಂಟರ್‌ನೆಟ್‌ನಲ್ಲಿ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಉತ್ತರ ಹೇಳಿಕೊಂಡ ಕಳೆದ ಮೂವತ್ತು ವರ್ಷಗಳ ಚರಿತ್ರೆ ಇದಕ್ಕೆ ಸಾಕಷ್ಟು ನೇರವಾದ ಉತ್ತರವನ್ನೇ ಕೊಡುತ್ತದೆ. ಉತ್ತರ ಬಿಟ್ಟಿಯಾಗಿ ಬಂತೋ ದುಡ್ಡಿಗೆ ಬಂತೋ, ಕೋಣೆಯಲ್ಲಿ ಸಿಕ್ಕಿತೋ ಜಾಲದಲ್ಲಿ ಸಿಕ್ಕಿತೋ ಎಂಬುದು ಆಮೇಲಿನ ಮಾತು. ಕೇಳುವವನು ತಾನು ಎಲ್ಲಿಯವರೆಗೆ ಬಂದು ನಿಂತಿದ್ದೇನೆಂದು ತೋರಿಸಿದನೇ, ಹೇಳುವವನು ಅದನ್ನು ನೋಡಿ ಹೇಳಿದನೇ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಈ ಹಂಚಿಕೆಯನ್ನು ಇಂಟರ್‌ನೆಟ್ ಹುಟ್ಟುಹಾಕಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದ ಕಾಲೇಜುಗಳ ಫ್ರಟರ್ನಿಟಿ ಎಂಬ ವಿದ್ಯಾರ್ಥಿ ಸಂಘಗಳ ಮನೆಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಹಳೆಯ ಪ್ರಬಂಧ, ತಿದ್ದಿ ಬಂದ ಹೋಂವರ್ಕ್‌ಗಳ ಕಡತಗಳು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿದ್ದವು. ಎಂಐಟಿಯಲ್ಲಿ ಹಿಂದಿನ ವರ್ಷಗಳ ಲೆಕ್ಕಗಳ ಉತ್ತರ ಸಂಗ್ರಹಕ್ಕೆ ವಿದ್ಯಾರ್ಥಿಗಳು ‘ಬೈಬಲ್’ ಎಂದೇ ಹೆಸರಿಟ್ಟಿದ್ದರು. 1970ರ ದಶಕದ ಆರಂಭದಲ್ಲಿ ಬಾಸ್ಟನ್‌ನಂಥ ನಗರಗಳಲ್ಲಿ ಟರ್ಮ್ ಪೇಪರ್ ಬರೆದು ಮಾರುವ ಕಂಪನಿಗಳೇ ಹುಟ್ಟಿಕೊಂಡವು, ಅವನ್ನು ತಡೆಯಲು ಕೆಲವು ರಾಜ್ಯಗಳು ಕಾನೂನು ಮಾಡಬೇಕಾಯಿತು. ನಮ್ಮಲ್ಲಿಯೂ 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಬಂದು ಪರೀಕ್ಷೆಯೇ ವಿದ್ಯೆಯ ಅಳತೆಗೋಲಾದ ಮೇಲೆ ಪಠ್ಯದ ಪಕ್ಕದಲ್ಲಿ ಪ್ರಶ್ನೋತ್ತರದ ಪುಸ್ತಕ ಬಂತು. ಕನ್ನಡ ನಾಡಿನ ಪುಸ್ತಕದಂಗಡಿಗಳಲ್ಲಿ ಜೂನ್ ತಿಂಗಳಲ್ಲಿ ಗೈಡ್ ಇಲ್ಲದ ಅಂಗಡಿ ಇಂದಿಗೂ ಅಪರೂಪ. ಹಾಗಾಗಿ ಸಿದ್ಧ ಉತ್ತರದ ಆಸೆಯನ್ನು ಹೊಸ ಕಾಲದ ಕೆಡುಕೆಂದು ಚಿತ್ರಿಸುವುದು ಚರಿತ್ರೆಗೆ ಮಾಡುವ ಅನ್ಯಾಯ. ಹಂಚಿಕೊಳ್ಳುವುದೇ ಕೆಡುಕು ಎನ್ನುವುದಂತೂ ಇನ್ನೂ ದೊಡ್ಡ ಅನ್ಯಾಯ.

ಹಂಚಿಕೊಂಡು ಓದುವುದರ ಬೆಲೆ ಏನೆಂದು ತೋರಿಸಿಕೊಟ್ಟವರಲ್ಲಿ ಗಣಿತಜ್ಞ ಉರಿ ಟ್ರೈಸ್‌ಮನ್ ಮುಖ್ಯರು. 1970ರ ದಶಕದಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕ್ಯುಲಸ್‌ನಲ್ಲಿ ಸಾಲುಸಾಲಾಗಿ ಸೋಲುತ್ತಿದ್ದರು. ಹುಮ್ಮಸ್ಸು ಸಾಲದು, ಮನೆಯ ಬೆಂಬಲ ಸಾಲದು, ಹೈಸ್ಕೂಲಿನ ತಯಾರಿ ಸಾಲದು ಎಂದು ಪ್ರಾಧ್ಯಾಪಕರು ಕಾರಣ ಹೇಳುತ್ತಿದ್ದರು. ಟ್ರೈಸ್‌ಮನ್ ಇಪ್ಪತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಮಂದಿ ಚೀನಾ ಮೂಲದವರನ್ನೂ ಆರಿಸಿಕೊಂಡು, ಅವರು ಓದುವ ಜಾಗಕ್ಕೇ ಹೋಗಿ ತಿಂಗಳುಗಟ್ಟಲೆ ಗಮನಿಸಿದರು. ಆ ಕಾರಣಗಳು ಯಾವುವೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಮೇಷ್ಟ್ರು ಹೇಳಿದಷ್ಟು ಹೊತ್ತು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಬ್ಬರೇ ಓದುತ್ತಿದ್ದರು. ಚೀನಾ ಮೂಲದವರು ಒಬ್ಬೊಬ್ಬರೇ ಹೋಂವರ್ಕ್ ಮಾಡಿ, ಆಮೇಲೆ ಒಟ್ಟು ಸೇರಿ ಉತ್ತರಗಳನ್ನು ಹೋಲಿಸುತ್ತಿದ್ದರು. ಒಬ್ಬನ ಉತ್ತರ ಬೇರೆಯಾದರೆ ಉಳಿದವರು ತಪ್ಪು ತೋರಿಸುತ್ತಿದ್ದರು. ಯಾರಿಗೂ ಬಗೆಹರಿಯದಿದ್ದರೆ ಲೆಕ್ಕವೇ ಕಷ್ಟದ್ದು, ತಾನು ದಡ್ಡನಲ್ಲ ಎಂಬುದು ಗೊತ್ತಾಗುತ್ತಿತ್ತು. ಆ ಕ್ರಮದಲ್ಲೇ ಟ್ರೈಸ್‌ಮನ್ ಕಾರ್ಯಾಗಾರ ಕಟ್ಟಿದಾಗ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಎದ್ದುಕಾಣುವಂತೆ ಮೇಲೇರಿತು. ಇಲ್ಲಿ ಗಮನಿಸಬೇಕಾದದ್ದು ಅನುಕ್ರಮ: ಮೊದಲು ಸ್ವಂತ ಪ್ರಯತ್ನ, ಆಮೇಲೆ ಹಂಚಿಕೆ. ಇಂಟರ್‌ನೆಟ್‌ನ ಒಳ್ಳೆಯ ತಾಣಗಳು ಉಳಿಸಿಕೊಂಡದ್ದು ಈ ಅನುಕ್ರಮವನ್ನು, ಕೆಟ್ಟವು ಕಳೆದುಕೊಂಡದ್ದೂ ಇದನ್ನೇ.

ಜಾಲದ ಮೊದಲ ದಿನಗಳಲ್ಲಿ ಹೋಂವರ್ಕ್ ಕೇಳುವವರಿಗೆ ಅಂಥ ಸ್ವಾಗತವೇನೂ ಇರಲಿಲ್ಲ. 1980ರಲ್ಲಿ ಶುರುವಾದ ಯೂಸ್‌ನೆಟ್ ಚರ್ಚಾಗುಂಪುಗಳಲ್ಲಿ ಗಣಿತಕ್ಕೆ, ಪ್ರೋಗ್ರಾಮಿಂಗ್‌ಗೆ ಬೇರೆಬೇರೆ ಕೂಟಗಳಿದ್ದವು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದ ಹೊಸ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಅಸೈನ್‌ಮೆಂಟಿನ ಪ್ರಶ್ನೆಯನ್ನು ಇದ್ದಂತೆಯೇ ಹಾಕುತ್ತಿದ್ದರು, ‘ನಿನ್ನ ಹೋಂವರ್ಕ್ ನೀನೇ ಮಾಡು’ ಎಂಬ ಉತ್ತರ ಪಡೆಯುತ್ತಿದ್ದರು. ಈ ಗದರಿಕೆಯಿಂದ ಬೇರೆಯಾದ ದಾರಿ ಹುಡುಕಿದ್ದು ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಎಂಬ ಸಣ್ಣ ಕಾಲೇಜು. ಅಲ್ಲಿನ ಗಣಿತ ಪ್ರಾಧ್ಯಾಪಕ ಜೀನ್ ಕ್ಲೋಟ್ಜ್ ಮುಂದಾಳುತನದಲ್ಲಿ ಬೆಳೆದ ಜಾಮೆಟ್ರಿ ಫೋರಮ್, ಮುಂದೆ ಮ್ಯಾತ್ ಫೋರಮ್ ಎಂದು ಹೆಸರಾದದ್ದು, 1994ರಲ್ಲಿ ‘ಆಸ್ಕ್ ಡಾಕ್ಟರ್ ಮ್ಯಾತ್’ ಸೇವೆಯನ್ನು ತೆರೆಯಿತು. ಯಾವ ಶಾಲೆಯ ಯಾವ ಮಗುವಾದರೂ ಇ-ಮೇಲ್‌ನಲ್ಲಿ ಲೆಕ್ಕ ಕೇಳಬಹುದು, ಕಾಸು ಕೊಡಬೇಕಾಗಿಲ್ಲ. ಮೊದಮೊದಲು ಉತ್ತರ ಬರೆದವರು ಆ ಕಾಲೇಜಿನ ವಿದ್ಯಾರ್ಥಿಗಳೇ. ಬರಬರುತ್ತ ಬೇರೆಬೇರೆ ಊರುಗಳ, ದೇಶಗಳ ಶಿಕ್ಷಕರು, ನಿವೃತ್ತರು, ಎಂಜಿನಿಯರುಗಳು ಸ್ವಯಂಸೇವಕ ‘ಡಾಕ್ಟರು’ಗಳಾದರು. ಎರಡನೆಯ ತರಗತಿಯ ಕಳೆಯುವ ಲೆಕ್ಕಕ್ಕೂ ಕಾಲೇಜಿನ ಕ್ಯಾಲ್ಕ್ಯುಲಸ್‌ಗೂ ಅಲ್ಲಿ ಸಿಗುತ್ತಿದ್ದ ಮರ್ಯಾದೆ ಒಂದೇ.

ಡಾಕ್ಟರ್ ಮ್ಯಾತ್‌ನ ಉತ್ತರಗಳನ್ನು ಓದಿದರೆ ಆ ಸೇವೆಯ ಗುಟ್ಟು ತಿಳಿಯುತ್ತದೆ. ಉತ್ತರಿಸುವವರು ಲೆಕ್ಕವನ್ನು ಬಿಡಿಸಿ ಕೈಗಿಡುವ ಆತುರ ತೋರುತ್ತಿರಲಿಲ್ಲ. ನೀನು ಏನು ಮಾಡಿ ನೋಡಿದೆ, ಎಲ್ಲಿ ಸಿಕ್ಕಿಕೊಂಡೆ ಎಂದು ಕೇಳುತ್ತಿದ್ದರು. ಅದೇ ಬಗೆಯ ಇನ್ನೊಂದು ಲೆಕ್ಕವನ್ನು ಮಾಡಿ ತೋರಿಸಿ ಇದನ್ನು ನೀನು ಮಾಡು ಎನ್ನುತ್ತಿದ್ದರು. ಮಗು ಮತ್ತೆ ಬರೆದರೆ ಮತ್ತೆ ಉತ್ತರಿಸುತ್ತಿದ್ದರು. ಒಳ್ಳೆಯ ಪ್ರಶ್ನೋತ್ತರಗಳನ್ನು ಪ್ರಾಥಮಿಕ, ಮಾಧ್ಯಮಿಕ, ಹೈಸ್ಕೂಲು, ಕಾಲೇಜು ಎಂದು ವಿಂಗಡಿಸಿ ಎಲ್ಲರಿಗೂ ತೆರೆದಿಟ್ಟರು. ಆ ಸಂಗ್ರಹದಲ್ಲಿ ಉಳಿದದ್ದು ಉತ್ತರದ ಜೊತೆಗೆ ಅದಕ್ಕೆ ತಲುಪಿದ ಮಾತುಕತೆ ಕೂಡ. ಮ್ಯಾತ್ ಫೋರಮ್ ಆಮೇಲೆ ಕೈಯಿಂದ ಕೈಗೆ ಹೋಗಿ ಡ್ರೆಕ್ಸೆಲ್ ವಿಶ್ವವಿದ್ಯಾಲಯವನ್ನು, ಅಲ್ಲಿಂದ ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿಯನ್ನು ಸೇರಿತು. ಹಳೆಯ ಸೇವೆ ನಿಂತಾಗ ಅದೇ ಸ್ವಯಂಸೇವಕರಲ್ಲಿ ಕೆಲವರು ಬೇರೆ ತಾಣ ತೆರೆದು ಕೆಲಸ ಮುಂದುವರಿಸಿದರು. 2001ರಲ್ಲಿ ಗ್ರೆಗ್ ಬರ್ನ್‌ಹಾರ್ಟ್ ಎಂಬ ಹುಡುಗ ಹೈಸ್ಕೂಲಿನಲ್ಲಿದ್ದಾಗ ಆರಂಭಿಸಿದ ಫಿಸಿಕ್ಸ್ ಫೋರಮ್ಸ್ ಇದೇ ಕ್ರಮವನ್ನು ಬರಹದ ನಿಯಮವನ್ನಾಗಿಯೇ ಮಾಡಿತು. ಅಲ್ಲಿ ಹೋಂವರ್ಕ್ ಕೇಳುವವರಿಗೆ ಮೂರು ಭಾಗದ ನಮೂನೆ ಇತ್ತು: ಪ್ರಶ್ನೆ ಏನು, ಅದಕ್ಕೆ ಸಂಬಂಧಿಸಿದ ಸಮೀಕರಣಗಳು ಯಾವುವು, ನಿಮ್ಮ ಪ್ರಯತ್ನ ಏನು. ಮೂರನೆಯದು ಖಾಲಿಯಿದ್ದರೆ ಸಹಾಯವಿಲ್ಲ. 2010ರಲ್ಲಿ ಬಂದ ಸ್ಟ್ಯಾಕ್ ಎಕ್ಸ್‌ಚೇಂಜ್‌ನ ಗಣಿತ ತಾಣದಲ್ಲೂ ಬರಿಯ ಪ್ರಶ್ನೆ ನಕಲಿಸಿ ಹಾಕಿದವರಿಗೆ ಹಿನ್ನೆಲೆ ಬರೆಯಲು ಹೇಳಿ, ಬರೆಯದಿದ್ದರೆ ಪ್ರಶ್ನೆಯನ್ನು ಮುಚ್ಚುವ ಪದ್ಧತಿ ಬೆಳೆಯಿತು. ದುಡ್ಡಿಲ್ಲದೆ, ಗುರುತು ಪರಿಚಯವಿಲ್ಲದೆ, ಸಾವಿರಾರು ಜನ ಸ್ವಂತ ಬಿಡುವಿನಲ್ಲಿ ಪಾಲಿಸಿದ ಈ ಶಿಸ್ತು ಇಂಟರ್‌ನೆಟ್ ಕಂಡ ದೊಡ್ಡ ಸಾರ್ವಜನಿಕ ಸೇವೆಗಳಲ್ಲಿ ಒಂದು.

ಇದರ ಪಕ್ಕದಲ್ಲೇ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. 1996ರಲ್ಲಿ ಫ್ಲಾರಿಡಾದ ವಿದ್ಯಾರ್ಥಿ ಕೆನ್ನಿ ಸಾರ್ ‘ಸ್ಕೂಲ್ ಸಕ್ಸ್’ ಎಂಬ ತಾಣ ಆರಂಭಿಸಿದ. ಯಾರೋ ಬರೆದ ಪ್ರಬಂಧಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಿತ್ತು. ತಾಣದ ಖರ್ಚು ಜಾಹೀರಾತಿನಿಂದ ಹುಟ್ಟುತ್ತಿತ್ತು. ಡಾಕ್ಟರ್ ಮ್ಯಾತ್‌ನಂತೆ ಇದೂ ಉಚಿತವೇ, ವಿದ್ಯಾರ್ಥಿಗಳಿಗಾಗಿಯೇ. ವ್ಯತ್ಯಾಸ ಒಂದೇ: ಇಲ್ಲಿ ಕೇಳುವವನನ್ನು ನೋಡುವವರು ಯಾರೂ ಇಲ್ಲ. ಪ್ರಬಂಧ ಕಪಾಟಿನಲ್ಲಿದೆ, ಬಂದವನು ಎತ್ತಿಕೊಂಡು ಹೋಗುತ್ತಾನೆ. ಇದಕ್ಕೆ ಎದುರಾಗಿ ಹುಟ್ಟಿದ್ದು ಕಾವಲಿನ ಉದ್ಯಮ. ಬರ್ಕ್‌ಲಿಯಲ್ಲಿ 1990ರ ದಶಕದ ಕೊನೆಗೆ ರೂಪುಗೊಂಡ ಟರ್ನ್‌ಇಟ್‌ಇನ್ ವಿದ್ಯಾರ್ಥಿಗಳು ಒಪ್ಪಿಸಿದ ಪ್ರಬಂಧಗಳನ್ನು ತನ್ನ ಕಣಜದಲ್ಲಿಟ್ಟುಕೊಂಡು ಹೊಸ ಪ್ರಬಂಧವನ್ನು ಅವುಗಳೊಂದಿಗೆ ಹೋಲಿಸಿ ನಕಲು ಹಿಡಿಯುತ್ತಿತ್ತು. ತಮ್ಮ ಬರಹವನ್ನು ಕೇಳದೆ ಇಟ್ಟುಕೊಂಡಿದ್ದಾರೆಂದು ವರ್ಜೀನಿಯಾ ಮತ್ತು ಅರಿಜೋನಾದ ಹೈಸ್ಕೂಲು ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಹತ್ತು ವರ್ಷದ ನಂತರ, 2019ರಲ್ಲಿ, ಆ ಕಂಪನಿ ಸುಮಾರು 175 ಕೋಟಿ ಡಾಲರಿಗೆ ಮಾರಾಟವಾಯಿತು. ನಕಲು ಮಾಡಲು ಕೊಡುವ ಕಣಜ ಒಂದು ಕಡೆ, ನಕಲು ಹಿಡಿಯುವ ಕಣಜ ಇನ್ನೊಂದು ಕಡೆ. ಎರಡನ್ನೂ ತುಂಬಿದ್ದು ಮಕ್ಕಳ ಬರಹ. ಎರಡರಲ್ಲಿಯೂ ಇಲ್ಲದೇ ಹೋದದ್ದು, ಈ ಮಗು ಎಲ್ಲಿ ಎಡವಿತು ಎಂದು ಕೇಳುವ ಒಬ್ಬ ಮನುಷ್ಯ.

ಉತ್ತರಗಳ ಕಣಜಕ್ಕೆ ಬೆಲೆ ಇದೆ ಎಂದು ಗೊತ್ತಾದ ಮೇಲೆ ಹಂಚಿಕೆ ವ್ಯಾಪಾರವಾಗಲು ತಡವಾಗಲಿಲ್ಲ. 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕ್ರ್ಯಾಮ್‌ಸ್ಟರ್ ಪಠ್ಯಪುಸ್ತಕದ ಲೆಕ್ಕಗಳನ್ನು ಹಂತಹಂತವಾಗಿ ಬಿಡಿಸಿಟ್ಟಿತು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಹಳೆಯ ವಸ್ತು ಮಾರಿಕೊಳ್ಳುವ ಜಾಹೀರಾತು ಫಲಕವಾಗಿ ಹುಟ್ಟಿ, ಆಮೇಲೆ ಪಠ್ಯಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ಚೆಗ್ 2010ರಲ್ಲಿ ಕ್ರ್ಯಾಮ್‌ಸ್ಟರನ್ನು ಕೊಂಡಿತು; ಮುಂದೆ ತಿಂಗಳ ಚಂದಾ ಪಡೆದು ಉತ್ತರ ಕೊಡುವುದೇ ಅದರ ಮುಖ್ಯ ಕಸುಬಾಯಿತು. ಆ ಉತ್ತರಗಳನ್ನು ಬರೆದವರಲ್ಲಿ ಹತ್ತಾರು ಸಾವಿರ ಮಂದಿ ಭಾರತದ ಪದವೀಧರರು. ಅಮೆರಿಕದ ವಿದ್ಯಾರ್ಥಿ ರಾತ್ರಿ ಹಾಕಿದ ಪ್ರಶ್ನೆಗೆ ಇಲ್ಲಿ ಹಗಲಿನಲ್ಲಿ ಕೂತವರು ಉತ್ತರಕ್ಕಿಷ್ಟು ಎಂಬ ಲೆಕ್ಕದಲ್ಲಿ ಬರೆದರು. 2006ರಲ್ಲಿ ಕಾರ್ನೆಲ್‌ನ ವಿದ್ಯಾರ್ಥಿ ಆಂಡ್ರ್ಯೂ ಗ್ರಾವರ್ ಆರಂಭಿಸಿದ ಕೋರ್ಸ್ ಹೀರೋ, ನಿಮ್ಮ ನೋಟ್ಸ್ ಹಾಕಿ ಇಲ್ಲವೇ ಚಂದಾ ಕಟ್ಟಿ, ಆಗ ಬೇರೆಯವರದನ್ನು ನೋಡಿ ಎಂಬ ಪದ್ಧತಿ ತಂದಿತು. ಇದರಿಂದ ಪ್ರಶ್ನೆಪತ್ರಿಕೆಗಳೂ ಅಲ್ಲಿಗೆ ಹರಿದು ಬಂದವು. 2022ರಲ್ಲಿ ಕ್ಯಾಲಿಫೋರ್ನಿಯಾದ ಚಾಪ್ಮನ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ತಮ್ಮ ಪ್ರಶ್ನೆಗಳನ್ನು ಅಲ್ಲಿ ಹಾಕಿದ ಅನಾಮಧೇಯರ ಮೇಲೆ ಹಕ್ಕುಸ್ವಾಮ್ಯದ ದಾವೆ ಹೂಡುವವರೆಗೆ ವಿಷಯ ಹೋಯಿತು. ಅದಕ್ಕೆ ಹಿಂದಿನ ವರ್ಷವೇ ಪಿಯರ್ಸನ್ ಪ್ರಕಾಶನ ತನ್ನ ಪಠ್ಯದ ಉತ್ತರಗಳನ್ನು ಮಾರುತ್ತಿದೆ ಎಂದು ಚೆಗ್ ಮೇಲೆ ದಾವೆ ಹಾಕಿತ್ತು. ಈ ಜಗಳಗಳಲ್ಲಿ ವಾದ ನಡೆದದ್ದು ಉತ್ತರದ ಒಡೆಯ ಯಾರು ಎಂಬುದರ ಮೇಲೆ. ಕಲಿತವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ.

ಕೂಟ ಮತ್ತು ಕಣಜ ಎಂಬ ಈ ಎರಡು ದಾರಿಗಳ ನಡುವೆ ನಿಂತದ್ದು ಪೋಲೆಂಡಿನ ಪ್ರಯೋಗ, ಅದನ್ನು ನ್ಯಾಯವಾಗಿ ತೂಗಬೇಕು. 2009ರಲ್ಲಿ ಕ್ರಾಕೋವ್ ನಗರದಲ್ಲಿ ಮಿಹಾವ್ ಬೊರ್ಕೊವ್ಸ್ಕಿ ಮತ್ತು ಇಬ್ಬರು ಜೊತೆಗಾರರು ‘ಜದಾನೆ’ ಎಂಬ ತಾಣ ತೆರೆದರು. ಮುಂದೆ ರಷ್ಯನ್, ಟರ್ಕಿಶ್, ಫ್ರೆಂಚ್ ಮುಂತಾದ ಭಾಷೆಗಳಿಗೆ ಹರಡಿ ಅದು ಬ್ರೈನ್ಲಿ ಎಂದು ಹೆಸರಾಯಿತು. ಭಾರತ ಅದರ ದೊಡ್ಡ ನೆಲೆಗಳಲ್ಲಿ ಒಂದು. ಅಲ್ಲಿ ಪ್ರಶ್ನೆ ಕೇಳಲು ಅಂಕ ಖರ್ಚು ಮಾಡಬೇಕು, ಉತ್ತರ ಹೇಳಿ ಅಂಕ ಗಳಿಸಬೇಕು. ಹತ್ತನೆಯ ತರಗತಿಯವರು ಎಂಟನೆಯವರಿಗೆ ಹೇಳಿಕೊಡುವ ಈ ಏರ್ಪಾಟಿನ ಹಿಂದಿನ ಆಸೆ ಒಳ್ಳೆಯದೇ: ಕಲಿಸಿದವನೇ ಚೆನ್ನಾಗಿ ಕಲಿಯುತ್ತಾನೆ ಎಂಬುದನ್ನು ಯಾವ ಶಿಕ್ಷಕರೂ ಅಲ್ಲಗಳೆಯರು. ಆದರೆ ಅಂಕ ಬರುವುದು ಉತ್ತರಕ್ಕೆ, ಕೇಳಿದವನ ದಾರಿಯನ್ನು ವಿಚಾರಿಸಿದ್ದಕ್ಕಲ್ಲ. ಮೊದಲು ಬರೆದವನಿಗೆ ಲಾಭ, ಯೋಚಿಸಿ ಬರೆದವನಿಗೆ ನಷ್ಟ. ಒಮ್ಮೆ ಬರೆದದ್ದು ಹುಡುಕಾಟದಲ್ಲಿ ಸಿಗುವಂತಾದ ಮೇಲೆ ಬಹುಪಾಲು ಮಕ್ಕಳು ಪ್ರಶ್ನೆ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಪಠ್ಯದ ಸಾಲನ್ನು ಟೈಪ್ ಮಾಡಿದರೆ ಉತ್ತರ ಎದುರಿಗೆ ಬರುತ್ತಿತ್ತು. ಕೂಟವಾಗಿ ಹುಟ್ಟಿದ್ದು ಹೀಗೆ ಬಹುಪಾಲು ಜನರಿಗೆ ಕಣಜವಾಗಿ ಕೊನೆಗೊಂಡಿತು.

ಕಣಜದಿಂದ ಎತ್ತಿಕೊಂಡ ಉತ್ತರ ಕಲಿಕೆಗೆ ಏನು ಮಾಡುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಅಳೆದವರಿದ್ದಾರೆ. ಎಂಐಟಿಯ ಡೇವಿಡ್ ಪ್ರಿಚರ್ಡ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಒಪ್ಪಿಸಿದ ಭೌತಶಾಸ್ತ್ರದ ಹೋಂವರ್ಕ್‌ಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪದೇಪದೇ ನಕಲು ಮಾಡಿದವರಿಗೂ ಮಾಡದವರಿಗೂ ಆರಂಭದ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬಿಡಿಸಿ ಬರೆಯುವ ಲೆಕ್ಕಗಳಲ್ಲಿ ನಕಲು ಮಾಡಿದವರು ಬಹಳ ಹಿಂದೆ ಬಿದ್ದರು, ಅವರು ನಪಾಸಾಗುವ ಸಾಧ್ಯತೆ ಉಳಿದವರ ಸುಮಾರು ಮೂರು ಪಟ್ಟಿತ್ತು. ನಕಲು ಹೆಚ್ಚಿದ್ದು ಕೊನೆಯ ಗಡುವಿಗೆ ಮುಂಚಿನ ಗಂಟೆಗಳಲ್ಲಿ. ಅದಕ್ಕೆ ಕಾರಣ ದಡ್ಡತನವಲ್ಲ, ತಡವಾಗಿ ಶುರುಮಾಡಿದವರ ಒತ್ತಡ. ಇನ್ನೊಂದು ಅಧ್ಯಯನ ರಟ್ಗರ್ಸ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಗ್ಲಾಸ್ ಅವರದು, 2020ರಲ್ಲಿ ಪ್ರಕಟವಾದದ್ದು. ಹನ್ನೊಂದು ವರ್ಷಗಳಲ್ಲಿ ತಮ್ಮ ಕೋರ್ಸುಗಳಿಗೆ ಬಂದ 2,433 ವಿದ್ಯಾರ್ಥಿಗಳನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಹೋಂವರ್ಕ್‌ನಲ್ಲಿ ಸರಿಯಾಗಿ ಬರೆದು, ಪರೀಕ್ಷೆಯಲ್ಲಿ ಅದಕ್ಕಿಂತ ಕಡಿಮೆ ಪಡೆದವರು 2008ರಲ್ಲಿ ಶೇ 14. 2017ರಲ್ಲಿ ಶೇ 55. ಉತ್ತರವನ್ನು ತಾವೇ ಹುಟ್ಟಿಸದೆ ಎಲ್ಲಿಂದಲೋ ನೋಡಿ ಬರೆದದ್ದೇ ಕಾರಣ ಎಂಬುದು ಅವರ ತೀರ್ಮಾನ. ಅಂದರೆ ಹೋಂವರ್ಕ್ ಹಂಚಿಕೊಂಡ ಬರ್ಕ್‌ಲಿಯ ಗುಂಪು ಮುಂದೆ ಬಂತು, ಉತ್ತರ ಎತ್ತಿಕೊಂಡ ಮುಂದಿನ ತಲೆಮಾರು ಹಿಂದೆ ಬಿತ್ತು. ಎರಡೂ ಹಂಚಿಕೆಯೇ, ಒಂದರಲ್ಲಿ ಸ್ವಂತ ಪ್ರಯತ್ನ ಮೊದಲಿತ್ತು, ಇನ್ನೊಂದರಲ್ಲಿ ಇರಲೇ ಇಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ನ್ಯಾಯದ್ದು, ಅದನ್ನು ತಳ್ಳಿಹಾಕಲಾಗದು. ಉಳ್ಳವರ ಮಕ್ಕಳಿಗೆ ಟ್ಯೂಷನ್ ಇದೆ, ಓದಿದ ಅಪ್ಪ ಅಮ್ಮ ಇದ್ದಾರೆ. ಇಲ್ಲದವರ ಮಗುವಿಗೆ ರಾತ್ರಿ ಒಂಬತ್ತಕ್ಕೆ ಲೆಕ್ಕ ಕೈಕೊಟ್ಟರೆ ಈ ಉಚಿತ ತಾಣಗಳನ್ನು ಬಿಟ್ಟು ಬೇರೆ ಯಾರಿದ್ದಾರೆ ಎಂದು ಕೇಳುವವರಿದ್ದಾರೆ. ಮಾತು ಸರಿ. ಆದರೆ ಟ್ಯೂಷನ್ನಿನ ಮಗುವಿಗೆ ಸಿಗುವುದು ಉತ್ತರದ ಹಾಳೆಯಲ್ಲ, ಪಕ್ಕದಲ್ಲಿ ಕೂತು ಇಲ್ಲಿ ಚಿಹ್ನೆ ತಪ್ಪಿದೆ ನೋಡು ಎನ್ನುವ ಮೇಷ್ಟ್ರು. ಬಡವರ ಮಗುವಿಗೆ ಹಾಳೆಯನ್ನಷ್ಟೇ ಕೊಟ್ಟು ಸಮಾನತೆ ತಂದೆವು ಎಂದರೆ ಅದು ಅರ್ಧ ನ್ಯಾಯ. ಪರೀಕ್ಷೆಯ ದಿನ ಆ ಅರ್ಧ ಬಯಲಾಗುತ್ತದೆ. ಪಕ್ಕದಲ್ಲಿ ಕೂರುವ ಮೇಷ್ಟ್ರನ್ನೇ ಬಿಟ್ಟಿಯಾಗಿ ಕೊಡಬಹುದು ಎಂದು ಡಾಕ್ಟರ್ ಮ್ಯಾತ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತೋರಿಸಿತು. ಎರಡನೆಯ ಆಕ್ಷೇಪ ಹೋಂವರ್ಕ್‌ನ ಬಗ್ಗೆಯೇ. ಪಠ್ಯದ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸುವ, ಅರ್ಥವಿಲ್ಲದ ಹೊರೆಯನ್ನು ಶಾಲೆಯೇ ಹೊರಿಸಿದರೆ ಮಗು ಅದನ್ನು ಎಲ್ಲಿಂದಲೋ ನಕಲು ಮಾಡಿದ್ದರಲ್ಲಿ ತಪ್ಪೇನು? ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಎಂಐಟಿಯಲ್ಲಿ ಕೋರ್ಸಿನ ಸ್ವರೂಪವನ್ನು, ಕಲಿಸುವ ಕ್ರಮವನ್ನು ಬದಲಿಸಿದಾಗ ನಕಲು ಸುಮಾರು ಶೇ 11ರಿಂದ ಶೇ 3ಕ್ಕಿಂತ ಕೆಳಕ್ಕೆ ಇಳಿಯಿತು ಎಂಬುದು ಅದೇ ಅಧ್ಯಯನದ ಇನ್ನೊಂದು ಭಾಗ. ಹಾಗಾದರೆ ಅರ್ಥವಿಲ್ಲದ ಹೋಂವರ್ಕ್ ತಿದ್ದುವ ಹೊಣೆ ಶಿಕ್ಷಕರದು. ಅರ್ಥವಿರುವ ಹೋಂವರ್ಕನ್ನೂ ನಕಲಿಗೆ ಒಪ್ಪಿಸಿಬಿಡುವುದಕ್ಕೆ ಅದು ಸಮರ್ಥನೆಯಾಗದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಮೊದಲು ನಿನ್ನ ಪ್ರಯತ್ನ ತೋರಿಸು ಎಂಬ ನಿಯಮ ಅರ್ಧ ಬಲ್ಲವರಿಗೆ ಸರಿ. ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದ ಮಗು ಏನು ತೋರಿಸಬೇಕು? ಬಾಗಿಲಲ್ಲೇ ತಡೆದರೆ ಅತಿ ಹೆಚ್ಚು ಬೇಕಾದವರಿಗೇ ಸಹಾಯ ಸಿಗದಂತಾಗುತ್ತದೆ. ಕೆಲವು ತಾಣಗಳಲ್ಲಿ ಹೀಗಾದದ್ದು ನಿಜ. ಪರಿಣತರು ತುಂಬಿದ ಕೂಟದಲ್ಲಿ ಹೊಸಬರ ಪ್ರಶ್ನೆ ಒರಟು ಮಾತಿನೊಂದಿಗೆ ಮುಚ್ಚಿಹೋಗುವುದನ್ನು ಯಾರೂ ಸೌಜನ್ಯ ಎನ್ನಲಾರರು. ಆದರೆ ಪ್ರಯತ್ನ ಎಂದರೆ ಅರ್ಧ ಬಿಡಿಸಿದ ಲೆಕ್ಕವೇ ಆಗಬೇಕಿಲ್ಲ. ಪ್ರಶ್ನೆಯಲ್ಲಿ ಈ ಪದ ಅರ್ಥವಾಗಲಿಲ್ಲ, ತರಗತಿಯಲ್ಲಿ ಇಲ್ಲಿಯವರೆಗೆ ತಿಳಿಯಿತು, ಇದರಾಚೆ ಕತ್ತಲೆ ಎಂದು ಬರೆದರೂ ಅದು ಪ್ರಯತ್ನವೇ. ಡಾಕ್ಟರ್ ಮ್ಯಾತ್ ಸಣ್ಣ ಮಕ್ಕಳಿಂದ ಕೇಳುತ್ತಿದ್ದದ್ದು ಇಷ್ಟನ್ನೇ, ಅಷ್ಟನ್ನೂ ಹೇಳಲಾಗದವರಿಗೆ ಎದುರು ಪ್ರಶ್ನೆ ಹಾಕಿ ಹೇಳಿಸುತ್ತಿದ್ದರು. ನಿಯಮ ತಪ್ಪಲ್ಲ, ಅದನ್ನು ಗದರಿಕೆಯಾಗಿ ಬಳಸಿದ್ದು ತಪ್ಪು. ಇಷ್ಟೊಂದು ತಾಳ್ಮೆಗೆ ಸ್ವಯಂಸೇವಕರು ಸಾಲುವುದಿಲ್ಲ, ಕೋಟಿ ಮಕ್ಕಳಿಗೆ ಇದು ಒದಗದು ಎಂಬ ಮಾತೂ ಬರುತ್ತದೆ. ಒಂದೇ ತಾಣ ಕೋಟಿ ಮಕ್ಕಳನ್ನು ಹೊರಬೇಕು ಎಂದುಕೊಂಡರೆ ಒದಗದು. ಬೆಳೆಯಲೇಬೇಕು ಎಂಬ ಒತ್ತಡವೇ ಕೂಟಗಳನ್ನು ಕಣಜಗಳಾಗಿಸಿತು. ಸಣ್ಣ ಕೂಟಗಳು ನೂರಾರು ಇದ್ದರೆ ಆ ಹೊರೆ ಹಂಚಿಹೋಗುತ್ತದೆ.

ನಿಷೇಧದಿಂದ ಇದು ಬಗೆಹರಿಯುತ್ತದೆಯೇ? ಚೀನಾ ಆ ದಾರಿ ಹಿಡಿಯಿತು. ಪ್ರಶ್ನೆಯ ಫೋಟೊ ತೆಗೆದರೆ ಉತ್ತರ ತೋರಿಸುವ ಆ್ಯಪ್‌ಗಳು ಅಲ್ಲಿ ಮನೆಮನೆ ತುಂಬಿದ್ದವು. 2021ರ ಜುಲೈನಲ್ಲಿ ಹೋಂವರ್ಕ್ ಮತ್ತು ಟ್ಯೂಷನ್ ಹೊರೆ ಇಳಿಸುವ ಆದೇಶ ಹೊರಡಿಸಿದ ಸರ್ಕಾರ, ಫೋಟೊ ಹುಡುಕಾಟ ಮಕ್ಕಳ ಯೋಚನಾಶಕ್ತಿಯನ್ನು ಸೋಮಾರಿಯಾಗಿಸುತ್ತದೆಂದು ಆನ್‌ಲೈನ್ ಪಾಠದ ಸಂಸ್ಥೆಗಳು ಅದನ್ನು ಒದಗಿಸುವಂತಿಲ್ಲ ಎಂದಿತು. ಸರ್ಕಾರ ಗುರುತಿಸಿದ ರೋಗ ಸರಿಯಾಗಿತ್ತು, ಆದರೆ ಔಷಧಕ್ಕೆ ಆಯುಷ್ಯ ಕಡಿಮೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಹಿಂದೆ ಯಾರೂ ಬರೆಯದ ಉತ್ತರವನ್ನೂ ಕ್ಷಣದಲ್ಲಿ ಬರೆದುಕೊಡುವ ಯಂತ್ರದ ಮುಂದೆ ಉತ್ತರದ ಕಣಜಕ್ಕೆ ಬೆಲೆ ಉಳಿಯಲಿಲ್ಲ. ಕೋವಿಡ್ ಕಾಲದಲ್ಲಿ, 2021ರ ಫೆಬ್ರುವರಿಯಲ್ಲಿ, ನೂರು ಡಾಲರ್ ದಾಟಿದ್ದ ಚೆಗ್‌ನ ಷೇರು, ಚಾಟ್‌ಜಿಪಿಟಿಯಿಂದ ಹೊಸ ಚಂದಾದಾರರು ಕಡಿಮೆಯಾಗುತ್ತಿದ್ದಾರೆಂದು ಕಂಪನಿಯ ಮುಖ್ಯಸ್ಥರು ಒಪ್ಪಿಕೊಂಡ ಮೇಲೆ 2023ರ ಮೇ 2ರ ಒಂದೇ ದಿನ ಅರ್ಧದಷ್ಟು ಕುಸಿಯಿತು. ಇದರಿಂದ ಕೂಟಗಳ ಕಾಲವೂ ಮುಗಿಯಿತು ಎಂದು ಹಲವರು ಹೇಳುತ್ತಾರೆ. ಚರಿತ್ರೆ ಹೇಳುವುದು ಇದಕ್ಕೆ ವಿರುದ್ಧ. ಸತ್ತದ್ದು ಉತ್ತರ ಮಾರುವ ಕಸುಬು. ನಿನ್ನ ಪ್ರಯತ್ನ ತೋರಿಸು ಎಂಬ ನಿಯಮಕ್ಕೆ ಈಗ ಹಿಂದೆಂದಿಗಿಂತ ಹೆಚ್ಚು ಬೆಲೆ ಬಂದಿದೆ, ಏಕೆಂದರೆ ಉತ್ತರ ಎಲ್ಲೆಡೆ ಸಿಗುವ ಲೋಕದಲ್ಲಿ ಸಿಗದೇ ಇರುವುದು ಪ್ರಯತ್ನ ಮಾತ್ರ. ಯಂತ್ರವನ್ನೂ ಹಾಗೆಯೇ ಬಳಸಬಹುದು: ಉತ್ತರ ಕೇಳುವ ಬದಲು ನಾನು ಬರೆದದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ಕೇಳಬಹುದು. ಆ ಅಭ್ಯಾಸವನ್ನು ಯಂತ್ರ ತಾನಾಗಿ ಕಲಿಸುವುದಿಲ್ಲ, ಕೂಟ ಕಲಿಸುತ್ತದೆ.

ಕನ್ನಡದ ಮಟ್ಟಿಗೆ ಈ ಚರಿತ್ರೆಯಲ್ಲಿ ನೇರವಾದ ಪಾಠವಿದೆ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೆಳಗಾವಿಯ ವಿಟಿಯು ಪರೀಕ್ಷೆಗಳಿಗಾಗಿ ನೋಟ್ಸನ್ನೂ ಬಿಡಿಸಿದ ಪ್ರಶ್ನೆಪತ್ರಿಕೆಗಳನ್ನೂ ಜಾಲದಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಧಾರಾಳವಾಗಿ ಹಂಚಿಕೊಳ್ಳುತ್ತಾರೆ. ಅದರಲ್ಲಿ ಉದಾರತೆಯಿದೆ, ಆದರೆ ಬಹುತೇಕ ಕಣಜದ ಬಗೆಯದು. ಇನ್ನೊಂದು ಬಗೆಯ ಆರಂಭವೂ ಇಲ್ಲಿ ಆಗಿದೆ. 2011ರಿಂದ ರಾಜ್ಯದ ಸರ್ಕಾರಿ ಹೈಸ್ಕೂಲು ಶಿಕ್ಷಕರು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ನೆರವಿನಿಂದ ವಿಷಯವಾರು ವೇದಿಕೆ ಕಟ್ಟಿಕೊಂಡು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪಾಠ ಸಾಮಗ್ರಿಯನ್ನು ಒಬ್ಬರಿಗೊಬ್ಬರು ಹಂಚಿಕೊಂಡರು. ಅದರ ಫಲವಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬೆಳೆಯಿತು. ಶಿಕ್ಷಕರಿಗೆ ಸಾಧ್ಯವಾದದ್ದು ಮಕ್ಕಳಿಗೂ ಸಾಧ್ಯವಾಗಬೇಕು. ಕನ್ನಡ ಮಾಧ್ಯಮದ ಎಂಟನೆಯ, ಒಂಬತ್ತನೆಯ ತರಗತಿಯ ಮಗು ತನ್ನ ಲೆಕ್ಕವನ್ನು ಕನ್ನಡದಲ್ಲೇ ಬರೆದು, ತಾನು ಎಲ್ಲಿ ನಿಂತೆನೆಂದು ತೋರಿಸಿದರೆ, ಅದನ್ನು ಓದಿ ಮುಂದಿನ ಒಂದು ಹೆಜ್ಜೆ ಹೇಳುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ: ನಿವೃತ್ತ ಮೇಷ್ಟ್ರುಗಳು, ಬಿ.ಎಸ್ಸಿ. ಓದುವ ಹುಡುಗ ಹುಡುಗಿಯರು, ಹೊರದೇಶದಲ್ಲಿರುವ ಕನ್ನಡಿಗ ಎಂಜಿನಿಯರುಗಳು. ಇದಕ್ಕೆ ದೊಡ್ಡ ಬಂಡವಾಳ ಬೇಡ. 1994ರಲ್ಲಿ ಒಂದು ಸಣ್ಣ ಕಾಲೇಜು ಇ-ಮೇಲ್‌ನಿಂದಲೇ ಶುರುಮಾಡಿತು. ಬೇಕಾದದ್ದು ಒಂದು ನಿಯಮ, ಅದನ್ನು ಪ್ರೀತಿಯಿಂದ ಪಾಲಿಸುವ ಕೆಲವು ಮಂದಿ. ಪ್ರತಿ ತಾಲ್ಲೂಕಿನ ಒಂದು ಕಾಲೇಜು ವಾರಕ್ಕೆ ಎರಡು ಸಂಜೆ ಈ ಕೆಲಸಕ್ಕೆ ಕೊಟ್ಟರೂ ಸಾಕು, ಇಂಥ ಕನ್ನಡದ ಕೂಟಗಳು ಈ ಶೈಕ್ಷಣಿಕ ವರ್ಷದಲ್ಲೇ ಶುರುವಾಗಬಲ್ಲವು.